ಬರಬೇಡಿರೆಂದು ಮನೆಮನೆಗೆ ಹೋದದ್ದು

ಮದುವೆಗೆ ಕರೆಯುವುದೆಂದರೆ ಮನೆಗೆ ಬಂದು ಕರೆಯುವುದು. ಈ ವಿಷಯದಲ್ಲಿ ನನಗೆ ಎರಡನೆಯ ಅಭಿಪ್ರಾಯ ಎಂದೂ ಇದ್ದಿಲ್ಲ. ಬಂದವರು ಕೂರಬೇಕು, ಕೊಟ್ಟ ಬೆಲ್ಲ ನೀರು ಮುಟ್ಟಬೇಕು, ನಾಲ್ಕು ಮೂಲೆಗೂ ಅರಿಸಿನ ತಾಗಿಸಿದ ಕಾಗದವನ್ನು ಎಲೆ ಅಡಿಕೆಯ ಜೊತೆ ಕೈಗೆ ಕೊಡಬೇಕು, ಲಕೋಟೆಯ ಮೇಲೆ ನನ್ನ ಹೆಸರನ್ನು ತಮ್ಮ ಕೈಯಾರೆ ಬರೆದಿರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಬಾಯಿಬಿಟ್ಟು "ಬರಬೇಕು" ಎನ್ನಬೇಕು. ಶಿರಸಿಯ ಅಂಚೆ ಕಚೇರಿಯ ಕೌಂಟರಿನಲ್ಲಿ ನಾನು ಕೂತಷ್ಟು ವರ್ಷಗಳಲ್ಲಿ ಲೆಕ್ಕವಿಲ್ಲದಷ್ಟು ಕರೆಯೋಲೆಗಳು ನನ್ನ ಕೈ ದಾಟಿ ಹೋಗಿವೆ. ಅವುಗಳ ಮೇಲೆ ಮುದ್ರೆ ಒತ್ತಿದವಳು ನಾನೇ ಆದರೂ, ಅಂಚೆಯಲ್ಲಿ ಬಂದ ಕಾಗದವನ್ನು ನನ್ನ ಮಟ್ಟಿಗೆ ಕರೆ ಎಂದು ನಾನು ಒಪ್ಪಿಕೊಂಡವಳಲ್ಲ.

ದಾಸನಕೊಪ್ಪದಲ್ಲಿರುವ ನನ್ನ ತಂಗಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವಳು ತನ್ನ ದೊಡ್ಡ ಮಗಳ ಮದುವೆಯ ಕಾಗದವನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳುಹಿಸಿದಳು. ನಾನು ನಿವೃತ್ತಳಾದ ಮೇಲೆ ಇಸಳೂರಿನಲ್ಲಿ ಕಟ್ಟಿಸಿದ ಮನೆಗೂ ಬಸ್‌ಸ್ಟಾಪಿಗೂ ಕೂಗಳತೆಯ ದೂರ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಂಡಕ್ಟರನು ಬಾಗಿಲಿನಲ್ಲಿ ನೇತಾಡುತ್ತ, "ಅಮ್ಮಾರ, ನಿಮ್ದೊಂದು ಐತಂತ, ಹಿಡೀರಿ" ಎಂದು ಲಕೋಟೆಯನ್ನು ಚಾಚಿದ. ಸ್ಟಾಪಿನಲ್ಲಿ ನಿಂತಿದ್ದವರೆಲ್ಲ ನೋಡಿದರು. ನಾನು ಮದುವೆಗೆ ಹೋದೆ, ಅಕ್ಷತೆ ಹಾಕಿದೆ, ಊಟಕ್ಕೆ ಕೂರದೆ ಹಿಂದಿರುಗಿದೆ. ಆಮೇಲೆ ನಾನಾಗಿ ಅವಳಿಗೆ ಫೋನು ಮಾಡಿದ್ದಿಲ್ಲ. ಅವಳು ಮಾಡಿದಾಗ ಎಷ್ಟು ಬೇಕೋ ಅಷ್ಟು ಮಾತಾಡಿ ಇಟ್ಟಿದ್ದೇನೆ.

ಹೋದ ವರ್ಷ ಬೇಸಿಗೆಯ ಒಂದು ಬೆಳಿಗ್ಗೆ ಅದೇ ತಂಗಿಯ ನಂಬರಿನಿಂದ ನನ್ನ ಫೋನಿಗೆ ಒಂದು ಮೆಸೇಜು ಬಂತು. "ಆತ್ಮೀಯರೇ, ನಮ್ಮ ಮನೆಯ ಮದುವೆಗೆ ತಾವು ಸಕುಟುಂಬ ಸಪರಿವಾರ ಸಮೇತ ಆಗಮಿಸಬೇಕು. ಆಮಂತ್ರಣ ಪತ್ರಿಕೆಯನ್ನು ತೆರೆದು ನೋಡಿ." ಅದರ ಕೆಳಗೆ ಒಂದು ಫೈಲು. ಅವಳಿಗೆ ಮದುವೆಯ ವಯಸ್ಸಿನ ಎರಡನೆಯ ಮಗಳಿದ್ದಾಳೆ. ನಂಬರು ಅವಳದೇ, ಪಕ್ಕದಲ್ಲಿ ಕಾಣುವ ಚಿತ್ರವೂ ಅವಳದೇ. ಅನುಮಾನಕ್ಕೆ ಎಡೆ ಎಲ್ಲಿತ್ತು?

ಇತ್ತು, ಬೇಕಾದಷ್ಟಿತ್ತು. ಈಗ ಅದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಆ ಮೆಸೇಜಿನಲ್ಲಿ ವಧುವಿನ ಹೆಸರಿರಲಿಲ್ಲ, ವರನ ಹೆಸರಿರಲಿಲ್ಲ, ತಾರೀಖಿರಲಿಲ್ಲ, ಛತ್ರ ಯಾವುದೆಂದಿರಲಿಲ್ಲ. ನನ್ನ ತಂಗಿ ಹುಟ್ಟಿದಾಗಿನಿಂದ ನನ್ನನ್ನು ಆತ್ಮೀಯರೇ ಎಂದವಳಲ್ಲ. ಅವಳ ಮೆಸೇಜೆಂದರೆ "ಅಕ್ಕ ಆರಾಮ" ಎಂಬ ಎರಡು ಶಬ್ದ, ಅದರ ಮುಂದೆ ಒಂದು ಹೂವಿನ ಚಿತ್ರ. ಫೈಲಿನ ಹೆಸರೂ ನಾನು ಫೋನಿನಲ್ಲಿ ಹಿಂದೆ ಕಂಡ ಪತ್ರಿಕೆಗಳ ಹಾಗೆ ಇರಲಿಲ್ಲ. ವಿಳಾಸದಲ್ಲಿ ಒಂದು ಅಕ್ಷರ ತಪ್ಪಿದ್ದರೆ ಕಣ್ಣಿಗೆ ಬೀಳುವಂತೆ ತಯಾರಾದ ನನ್ನಂಥವಳಿಗೆ ಇವು ಕಾಣಲಿಲ್ಲವೆಂದಲ್ಲ. ಒಂದೂ ಬಿಡದೆ ಕಂಡವು. ಆದರೆ ಪ್ರತಿಯೊಂದನ್ನೂ ನಾನು ಅವಮಾನದ ಲೆಕ್ಕಕ್ಕೆ ಸೇರಿಸಿಕೊಂಡೆ. ಹೆಸರು ಹಾಕದಷ್ಟು ಉದಾಸೀನ. ಅಕ್ಕ ಎನ್ನದಷ್ಟು ದೂರ. ಊರಿಗೆಲ್ಲ ಒಂದೇ ಸಲ ಎಸೆದ ಕರೆಯನ್ನು ನನಗೂ ಎಸೆದ ಸೊಕ್ಕು. ಮೋಸಗಾರನೊಬ್ಬ ಬಿಟ್ಟುಹೋದ ಹೆಜ್ಜೆಗುರುತುಗಳೆಲ್ಲ ನನ್ನ ಕಣ್ಣೆದುರಿಗೆ ಇದ್ದವು. ನಾನು ಅವುಗಳನ್ನು ತಂಗಿಯ ಹೆಜ್ಜೆಯೆಂದೇ ಓದಿದೆ.

ಆ ಫೈಲನ್ನು ನಾನು ತೆರೆಯಲಿಲ್ಲ. ಜಾಣತನದಿಂದಲ್ಲ, ಸಿಟ್ಟಿನಿಂದ. ಹೀಗೆ ಕರೆದವರ ಪತ್ರಿಕೆಯನ್ನು ನೋಡುವುದೂ ಒಂದು ಮರ್ಯಾದೆ ಕೊಟ್ಟಂತೆ ಎಂದು ಫೋನನ್ನು ಮಗುಚಿ ಇಟ್ಟೆ. ಸ್ವಲ್ಪ ಹೊತ್ತಿಗೆ ತಂಗಿಯ ಕರೆ ಬಂತು. ಕತ್ತರಿಸಿದೆ. ಮತ್ತೆ ಬಂತು. ಮತ್ತೆ ಕತ್ತರಿಸಿದೆ. ಫೈಲು ಕಳಿಸಿ ಆದ ಮೇಲೆ ಬಾಯಿಮಾತಿನ ಶಾಸ್ತ್ರ ಮುಗಿಸಲು ಮಾಡುತ್ತಿದ್ದಾಳೆ ಎಂದುಕೊಂಡೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹದ ಅಗತ್ಯ ಇರುತ್ತಿರಲಿಲ್ಲ. ಆದರೆ ಅವಮಾನಕ್ಕೆ ಸಾಕ್ಷಿ ಬೇಕಾಗುತ್ತದೆ. ಯಲ್ಲಾಪುರದಲ್ಲಿ ನನ್ನ ತೀರಿಹೋದ ತಮ್ಮನ ಹೆಂಡತಿ ಇದ್ದಾಳೆ. ಕಂಡಕ್ಟರನ ಪ್ರಸಂಗದಲ್ಲಿ ನನ್ನ ಪಕ್ಷ ಹಿಡಿದವಳು ಅವಳೊಬ್ಬಳೇ. ಆ ಮೆಸೇಜನ್ನು ಫೈಲಿನ ಸಮೇತ ಅವಳಿಗೆ ಕಳುಹಿಸಿ ಕೆಳಗೆ ಬರೆದೆ: "ನೋಡು, ಈ ಸಲ ಕಂಡಕ್ಟರನೂ ಬೇಡವಾದ."

ಮರುದಿನ ಬೆಳಿಗ್ಗೆ ತಮ್ಮನ ಹೆಂಡತಿ ತನ್ನ ಮಗನ ಫೋನಿನಿಂದ ಕರೆ ಮಾಡಿದಳು. ಅಳುತ್ತಿದ್ದಳು.

"ಅತ್ಗೆ, ಎಂತ ಕಳ್ಸಿದ್ರಿ ನೀವು? ನನ್ನ ಫೋನಿಂದ ಎಲ್ಲಾರಿಗೂ ಮದ್ವೆ ಕರೆ ಹೋಗಿದೆ. ಬಿಳಗಿಯವ್ರಿಗೂ ಹೋಗಿದೆ!"

ಬಿಳಗಿಯವರು ಎಂದರೆ ಯಾರೆಂಬುದನ್ನು ಹೇಳಬೇಕು. ಅವಳ ಮಗ ಯಲ್ಲಾಪುರದಲ್ಲಿ ಬೈಕಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಅವನಿಗೆ ಸಿದ್ದಾಪುರ ತಾಲೂಕಿನ ಬಿಳಗಿಯಲ್ಲಿ ಒಂದು ಹೆಣ್ಣು ನೋಡಿ ಬಂದಿದ್ದರು. ಗದ್ದೆ ಮಾಡಿಕೊಂಡಿರುವ ಮನೆತನ. ಹುಡುಗಿ ಬಿ.ಎಡ್. ಕೊನೆಯ ಪರೀಕ್ಷೆಗೆ ಓದುತ್ತಿದ್ದಳು. ಇನ್ನು ಹೆಣ್ಣಿನ ಕಡೆಯವರು ಯಲ್ಲಾಪುರಕ್ಕೆ ಬಂದು ಮನೆ ನೋಡಬೇಕಿತ್ತು. ಅದಾದ ಮೇಲೆ ಎರಡೂ ಕಡೆ ಒಪ್ಪಿದರೆ ವೀಳ್ಯ ಬದಲಾಯಿಸಿ ಮದುವೆಯನ್ನು ನಿಶ್ಚಯಿಸುವುದು. ಅಲ್ಲಿಯವರೆಗೆ ಯಾರೂ ಯಾರಿಗೂ ಏನೂ ಅಲ್ಲ. ಇಂಥ ಹೊತ್ತಿನಲ್ಲಿ ಗಂಡಿನ ತಾಯಿಯ ನಂಬರಿನಿಂದ ಹೆಣ್ಣಿನ ತಂದೆಗೆ "ನಮ್ಮ ಮನೆಯ ಮದುವೆಗೆ ಆಗಮಿಸಬೇಕು" ಎಂಬ ಮೆಸೇಜು ಹೋಗಿತ್ತು. ಗಂಡಿಗೆ ಬೇರೆ ಕಡೆ ಮದುವೆ ಗೊತ್ತಾಗಿದೆ, ನಮ್ಮನ್ನು ಊಟಕ್ಕೆ ಕರೆದು ಅಪಹಾಸ್ಯ ಮಾಡುತ್ತಿದ್ದಾರೆ ಎಂದು ಅವರು ತಿಳಿದರು. ಹಾಗೆ ತಿಳಿದದ್ದರಲ್ಲಿ ತಪ್ಪೇನಿತ್ತು?

"ನೀನು ಅದನ್ನು ಯಾಕೆ ತೆರೆದೆ?" ಎಂದು ನಾನು ಕೇಳಿದೆ.

"ಅತ್ಗೆ, ಬೇರೆ ಯಾರಾದ್ರೂ ಕಳ್ಸಿದ್ರೆ ನಾ ಮುಟ್ತಿರ್ಲಿಲ್ಲ. ನೀವು ಹಾಲಿನ ಪ್ಯಾಕೆಟ್ಟಿನ ತಾರೀಕನ್ನೂ ಎರಡು ಸಲ ನೋಡೋರು. ನೀವು ಕಳ್ಸಿದ್ದು ಅಂದ್ಮೇಲೆ ನಾನೆಂತಕ್ಕೆ ಅನುಮಾನ ಮಾಡ್ಲಿ? ಅದು ಏನೇನೋ ಕೇಳ್ತು, ಎಲ್ಲದಕ್ಕೂ ಸರಿ ಅಂತ ಒತ್ತಿದೆ."

ಹಿಂದಿನಿಂದ ಅವಳ ಮಗನ ಧ್ವನಿ ಕೇಳಿಸಿತು. "ಅತ್ತೆಗೆ ಹೇಳು, ವಯಸ್ಸಾದವ್ರು ಫಾರ್ವರ್ಡ್ ಮಾಡೂದೊಂದು ನಿಲ್ಸಿದ್ರೆ ಅರ್ಧ ದೇಶ ಉಳೀತದೆ." ನಾನು ಕೇಳಿಸಿಕೊಂಡೆನೆಂದು ಅವನಿಗೆ ಗೊತ್ತಾಗಲಿ ಎಂದೇ ಇಲ್ಲಿ ಬರೆದಿದ್ದೇನೆ.

ನನ್ನ ಮಗಳು ಶಿರಸಿಯ ಒಂದು ರಕ್ತ ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ, ನನ್ನ ಜೊತೆಗೇ ಇದ್ದಾಳೆ. ಡ್ಯೂಟಿಗೆ ಹೊರಟು ನಿಂತವಳು ನನ್ನ ಮುಖ ನೋಡಿ ಚಪ್ಪಲಿ ಬಿಚ್ಚಿ ಒಳಗೆ ಬಂದಳು. ಫೋನನ್ನು ತೆಗೆದುಕೊಂಡು ಆ ಫೈಲಿನ ಹೆಸರಿನ ಮೇಲೆ ಬೆರಳಿಟ್ಟಳು.

"ಅಮ್ಮ, ಇಲ್ಲಿ ನೋಡು. ಮದುವೆ ಕಾರ್ಡು ಫೋಟೋ ಆಗಿ ಬರ್ತದೆ, ಇಲ್ಲಾ ಪಿಡಿಎಫ್ ಆಗಿ ಬರ್ತದೆ. ಇದರ ಬಾಲದಲ್ಲಿ ಎಪಿಕೆ ಅಂತ ಇದೆ. ಇದು ಕಾರ್ಡಲ್ಲ, ಆ್ಯಪು. ತೆರೆದ್ರೆ ಫೋನಿನೊಳಗೆ ಬಂದು ಕೂರ್ತದೆ. ಬ್ಯಾಂಕಿಂದ ಬರೋ ಓಟಿಪಿ ಓದ್ತದೆ, ನಮ್ಮ ಹೆಸರಲ್ಲಿ ಎಲ್ಲರಿಗೂ ಮೆಸೇಜ್ ಕಳಿಸ್ತದೆ. ಚಿಕ್ಕಮ್ಮನ ಫೋನಿಗೂ ಹೀಗೇ ಯಾರದ್ದೋ ನಂಬರಿಂದ ಬಂದಿರ್ತದೆ. ಅವಳು ಕಳಿಸಿದ್ದೇ ಅಲ್ಲ ಇದು."

"ನಂಬರು ಅವಳದೇ ಇದೆಯಲ್ಲ?"

"ನಂಬರು ಅವಳದ್ದು, ಕಳಿಸಿದವರು ಬೇರೆ. ನೀನು ಅಂಚೆ ಕಚೇರಿಯಲ್ಲಿದ್ದವಳು ಹೀಗೆ ಕೇಳ್ತೀಯಲ್ಲ! ಲಕೋಟೆ ಮೇಲೆ ಯಾರ ಹೆಸರು ಬೇಕಾದ್ರೂ ಬರೀಬಹುದಲ್ದ?"

ಆ ಮಾತು ನಾಟಿತು. ಅವಳು ಅಲ್ಲೇ ನಿಂತು ಯಲ್ಲಾಪುರಕ್ಕೆ ಫೋನು ಮಾಡಿ, ತನ್ನ ಅತ್ತೆಗೆ ಒಂದೊಂದಾಗಿ ಹೇಳಿದಳು. ಮೊದಲು ಇಂಟರ್‌ನೆಟ್ ಆರಿಸುವುದು, ಸಿಮ್ ತೆಗೆಯುವುದು, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಗೆ ತಡೆ ಹಾಕಿಸುವುದು, ಸರ್ಕಾರದ ಸೈಬರ್ ಸಹಾಯವಾಣಿಗೆ ದೂರು ಕೊಡುವುದು, ಆಮೇಲೆ ಆ ಆ್ಯಪನ್ನು ಕಿತ್ತು ಪಾಸ್‌ವರ್ಡುಗಳನ್ನೆಲ್ಲ ಬದಲಿಸುವುದು. ದುಡ್ಡೇನೂ ಹೋಗಿರಲಿಲ್ಲ. ತಮ್ಮನ ಹೆಂಡತಿ ತನ್ನ ಖಾತೆಯನ್ನು ಫೋನಿಗೆ ಸೇರಿಸಿಕೊಂಡಿರಲೇ ಇಲ್ಲ. ಎಲ್ಲರೂ ಅದನ್ನೇ ದೊಡ್ಡ ಸಮಾಧಾನವೆಂಬಂತೆ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಬಿಳಗಿಯ ಮನೆಗೆ ಹೋದದ್ದನ್ನು ಹಿಂದಕ್ಕೆ ತರುವ ಬ್ಯಾಂಕು ಎಲ್ಲಿದೆ?

ಮಗಳು ಹೋದ ಮೇಲೆ ನಾನು ತಂಗಿಗೆ ಫೋನು ಮಾಡಿದೆ. ಕಂಡಕ್ಟರನ ಪ್ರಸಂಗದ ನಂತರ ನಾನಾಗಿ ಮಾಡಿದ ಮೊದಲ ಕರೆ ಅದು. ಅವಳು ಒಂದೇ ರಿಂಗಿಗೆ ಎತ್ತಿದಳು.

"ಅಕ್ಕಾ! ಅದನ್ನ ತಗದಿಯೇನ? ತಗೀಬ್ಯಾಡ ಅಂತ ಹೇಳಾಕ ನಿನ್ನೆ ಎರಡ ಸಲ ಫೋನ್ ಮಾಡೇನಿ, ಎರಡೂ ಸಲ ಕಟ್ ಮಾಡೀದಿ. ಊರಿಗೆಲ್ಲ ಹೇಳಿ ಮುಗಿಸೇನಿ, ನಿನಗೊಬ್ಬಾಕಿಗೆ ಹೇಳಾಕ ಆಗ್ಲಿಲ್ಲ ನೋಡು."

"ನಿನ್ನ ಎರಡನೆಯವಳ ಮದುವೆ?"

"ಎಲ್ಲೀ ಮದುವಿ! ಅಕಿಗೆ ಇನ್ನೂ ಗಂಡ ಸಿಕ್ಕಿಲ್ಲ. ಮದುವಿ ಇದ್ರ ನಿನಗ ಫೋನಿನ್ಯಾಗ ಕರೀತೀನೇನ? ಒಂದ ಸಲ ಕಂಡಕ್ಟರ್ ಕೈಯಾಗ ಕೊಟ್ಟು ಇಷ್ಟು ವರ್ಸ ಅನುಭವಿಸೇನಿ, ಸಾಲದಾ?"

ಕಂಡಕ್ಟರನ ಮಾತನ್ನು ಅವಳು ತಾನಾಗಿ ಎತ್ತಿದ್ದು ಅದೇ ಮೊದಲು. ಆಗ ಏಕೆ ಬರಲಾಗಲಿಲ್ಲ ಎಂಬುದನ್ನು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಲೆಕ್ಕ ಇನ್ನೂ ತೆರೆದೇ ಇದೆ. ಆದರೆ ಎಚ್ಚರಿಸಲು ಬಂದ ನಿಜವಾದ ಧ್ವನಿಯನ್ನು ಕತ್ತರಿಸಿ, ಯಾರದೋ ಸುಳ್ಳು ಅಕ್ಷರವನ್ನು ನಂಬಿ ಹಂಚಿದವಳು ನಾನು ಎಂಬುದನ್ನು ಎಷ್ಟು ತಿರುಗಿಸಿ ನೋಡಿದರೂ ಬೇರೆ ರೀತಿ ಓದಲು ಬರಲಿಲ್ಲ. ಈ ಮೋಸಗಾರರ ಮೇಲೆ ನನಗಿರುವ ಸಿಟ್ಟು ಇದೇ ಕಾರಣಕ್ಕೆ ಇನ್ನೂ ಆರಿಲ್ಲ. ಬೀಗ ಮುರಿಯುವ ಕಳ್ಳ ಬೀಗವನ್ನಷ್ಟೇ ಮುರಿಯುತ್ತಾನೆ. ಇವರು ಅಕ್ಕತಂಗಿಯರ ನಡುವೆ ಇರುವ ಬಿರುಕನ್ನು ಹುಡುಕಿ ಅದರೊಳಗೆ ಕೈ ಹಾಕುತ್ತಾರೆ. ಹುಡುಕಬೇಕಾಗಿಯೂ ಇಲ್ಲ. ಬಿರುಕಿಲ್ಲದ ಮನೆ ಯಾವುದಿದೆ?

ಸಂಜೆಗೆ ಇನ್ನೊಂದು ಸುದ್ದಿ ಬಂತು. ಬಿಳಗಿಯ ಹುಡುಗಿಯ ತಂದೆಯೂ ಆ ಫೈಲನ್ನು ತೆರೆದಿದ್ದರು. ಗಂಡು ಯಾವ ಊರಿನ ಹೆಣ್ಣನ್ನು ಮದುವೆಯಾಗುತ್ತಿದ್ದಾನೆಂದು ನೋಡದೆ ಅವರಿಗೆ ತಡೆಯಲಾಗಿರಲಿಲ್ಲ. ಅವರ ಫೋನಿನಿಂದ ಊರಿನವರಿಗೆಲ್ಲ ಅದೇ ಕರೆ ಹೋಗಿತ್ತು. ಯಲ್ಲಾಪುರದ ಗಂಡು ನೋಡಿಕೊಂಡು ಹೋದದ್ದು ಊರಿಗೆ ಗೊತ್ತಿದ್ದ ವಿಷಯ. ಹೆಣ್ಣಿನ ತಂದೆಯೇ "ನಮ್ಮ ಮನೆಯ ಮದುವೆಗೆ ಬನ್ನಿ" ಎಂದ ಮೇಲೆ ಊರು ಮದುವೆ ನಿಶ್ಚಯವಾಯಿತೆಂದೇ ತಿಳಿಯಿತು. ಎದುರಿಗೆ ಸಿಕ್ಕವರು ಹುಡುಗಿಗೆ ಶುಭಾಶಯ ಹೇಳತೊಡಗಿದರು.

"ನೀವೇ ಬಂದು ಹೇಳ್ಬೇಕು ಅತ್ಗೆ," ಎಂದಳು ತಮ್ಮನ ಹೆಂಡತಿ. "ನಾ ಒಬ್ಳೇ ಹೋದ್ರೆ ಕಥೆ ಕಟ್ಟಿ ತಂದಿದಾಳೆ ಅಂತಾರೆ."

ಹೋಗುವುದೇ ಸರಿ ಎಂದು ನನಗೂ ಅನ್ನಿಸಿತು. ಮರುದಿನ ಅವಳು ಯಲ್ಲಾಪುರದಿಂದ ಶಿರಸಿಗೆ ಬಂದಳು, ಇಬ್ಬರೂ ಸಿದ್ದಾಪುರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ತನ್ನ ಮಡಿಲಲ್ಲಿಟ್ಟುಕೊಂಡ ಹಣ್ಣಿನ ಚೀಲದ ಬಾಯಿಯನ್ನು ಬಿಚ್ಚುತ್ತ, ಕಟ್ಟುತ್ತ ಇದ್ದಳು.

ಬಿಳಗಿಯ ಆ ಮನೆಯಲ್ಲಿ ನಮ್ಮನ್ನು ಜಗಲಿಗೆ ಕರೆದು ಕೂರಿಸಿದರು, ನೀರು ಕೊಟ್ಟರು, ಆದರೆ ಯಾರೂ ನಗಲಿಲ್ಲ. ಹುಡುಗಿಯ ತಂದೆ ಕಂಬಕ್ಕೆ ಒರಗಿ ನಿಂತೇ ಇದ್ದರು. ನಾನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಿದೆ. ನನ್ನ ತಂಗಿಯ ಫೋನು, ನನ್ನ ಫೋನು, ಇವಳ ಫೋನು, ನಿಮ್ಮ ಫೋನು, ಇವುಗಳಲ್ಲಿ ಯಾರೂ ಬರೆಯದೆ, ಯಾರೂ ಕರೆಯದೆ ಒಂದು ಕರೆ ಹೇಗೆ ತಿರುಗಿತೆಂದು. ಅವರು ಕೇಳಿಸಿಕೊಂಡು ನಿಧಾನಕ್ಕೆ ಬಂದು ಮಣೆಯ ಮೇಲೆ ಕೂತರು.

"ಹಂಗಾರೆ ಗಂಡಿಗೆ ಬೇರೆ ಕಡೆ ಆಗಿಲ್ಲ."

"ದೇವರಾಣೆ ಇಲ್ಲ," ಎಂದಳು ತಮ್ಮನ ಹೆಂಡತಿ.

"ನೋಡಿ ಅಕ್ಕಾ," ಎಂದು ಅವರು ನನ್ನ ಕಡೆ ತಿರುಗಿದರು. "ಆದದ್ದು ಆತು. ಊರಿಗೆಲ್ಲ ಕರೆ ಹೋತು. ಇನ್ನು ನಾನು ಇಲ್ಲ ಅಂದ್ರೆ ಜನ ಎಂತ ಹೇಳ್ತಾರೆ? ಗಂಡಿನವ್ರು ಬೇಡ ಅಂದ್ರು, ಹುಡುಗೀದೇನೋ ಇರ್ಬೇಕು ಅಂತಾರೆ. ಮನೆ ನೋಡೂದೆಲ್ಲ ಆಮೇಲೆ ಆಗ್ಲಿ. ನೀವೂ ಬಂದೀರಿ, ಮನೇಲಿ ಎಲೆ ಅಡ್ಕೆ ಅದೆ. ಇವತ್ತೇ ವೀಳ್ಯ ಬದಲ್ಸಿಬಿಡನ."

ತಮ್ಮನ ಹೆಂಡತಿಯ ಮುಖ ಅರಳಿತು. "ನನ್ನದೇನೂ ಅಡ್ಡಿ ಇಲ್ಲ. ಕೆಟ್ಟದ್ರಿಂದ ಒಳ್ಳೇದಾಯ್ತು ಅಂದ್ಕೊಳ್ಳೂದು," ಎಂದು ಹಣ್ಣಿನ ಚೀಲವನ್ನು ಮುಂದೆ ಸರಿಸಿದಳು. ಹುಡುಗಿಯ ತಾಯಿ ತಟ್ಟೆ ತರಲು ಎದ್ದೇಬಿಟ್ಟರು.

ಯಾರೂ ಬರೆಯದ ಆಮಂತ್ರಣಕ್ಕೆ ತಕ್ಕಂತೆ ಒಂದು ಮದುವೆಯನ್ನು ಮಾಡಲು ಎಲ್ಲರೂ ತಯಾರಾಗಿದ್ದರು. ಎಲ್ಲಿಯೋ ಕೂತ ಒಬ್ಬ ಕಳ್ಳ, ನಮ್ಮ ಮುಖವನ್ನೇ ನೋಡದವನು, ಈ ಮನೆಯ ಮಗಳಿಗೆ ಮದುವೆ ನಿಶ್ಚಯ ಮಾಡಿ ಹೋದಂತಾಗಿತ್ತು. ಬೆಳಿಗ್ಗೆಯಷ್ಟೇ ನನ್ನ ಮಗಳು ಬಾಗಿಲಲ್ಲಿ ನಿಂತು ಹೇಳಿದ್ದಳು: "ಯಾರಾದ್ರೂ ಈಗ್ಲೇ ಮಾಡಿ, ಇಲ್ದಿದ್ರೆ ಕೆಟ್ಟುಹೋಗ್ತದೆ ಅಂದ್ರೆ ಅಲ್ಲೇ ನಿಲ್ಲು ಅಮ್ಮ. ಖಾತೆ ಬಂದ್ ಆಗ್ತದೆ, ಕರೆಂಟ್ ಕಟ್ ಆಗ್ತದೆ, ಎಲ್ಲಾ ಅದೇ ಆಟ. ಹೆದರಿಸ್ತಾರೆ, ಅವಸರ ಮಾಡ್ತಾರೆ. ನೀನು ಬೇರೆ ದಾರಿಯಿಂದ ಹೋಗಿ ಸಂಬಂಧಪಟ್ಟವರನ್ನೇ ಕೇಳು." ಮೋಸದ ಮೆಸೇಜಿನ ಬಗ್ಗೆ ಹೇಳಿದ ಮಾತದು. ಈ ಜಗಲಿಯಲ್ಲಿ ಮೋಸಗಾರರು ಯಾರೂ ಇರಲಿಲ್ಲ. ಎಲ್ಲರೂ ಮರ್ಯಾದಸ್ಥರು, ಎಲ್ಲರೂ ಹೆದರಿದವರು. ಆದರೂ ಅವಸರ ಅದೇ ಆಗಿತ್ತು.

ಸಂಬಂಧಪಟ್ಟವಳು ಒಳಬಾಗಿಲಿನ ಹಿಂದೆ ಇದ್ದಳು. ನಮಗೆ ನೀರು ಕೊಟ್ಟು ಹೋದವಳು ಮತ್ತೆ ಕಾಣಿಸಿಕೊಂಡಿರಲಿಲ್ಲ. ನಾನು ಕೈ ತೊಳೆಯಬೇಕೆಂದು ಎದ್ದೆ. ಹಿತ್ತಿಲ ಕಡೆ ನೀರಿನ ಹಂಡೆಯ ಬಳಿ ಅವಳೇ ತಂಬಿಗೆ ತಂದುಕೊಟ್ಟಳು.

"ಹೊರಗೆ ಮಾತಾಡಿದ್ದು ಕೇಳಿಸಿತೇನಮ್ಮ?"

"ಕೇಳ್ತು."

"ನೀನು ಒಪ್ಪಿದ್ದೀಯೇನು?"

ಅವಳು ನನ್ನನ್ನು ನೇರವಾಗಿ ನೋಡಿದಳು. "ನನ್ನನ್ನ ಯಾರೂ ಕೇಳ್ಳಿಲ್ಲ. ಪರೀಕ್ಷೆ ಮುಗೀಲಿ, ಆ ಮನೆ ನೋಡ್ತೇನೆ, ಅವ್ರ ಹತ್ರ ಒಂದ್ಸಲ ಮಾತಾಡ್ತೇನೆ, ಆಮೇಲೆ ಹೇಳ್ತೇನೆ ಅಂತ ಅಮ್ಮಂಗೆ ಮೊದ್ಲೇ ಹೇಳಿದ್ದೆ. ಬೇಡ ಅಂತಲ್ಲ. ಹೌದು ಅಂತನೂ ಅಲ್ಲ. ನಿನ್ನೆಯಿಂದ ಎಲ್ಲಾರೂ ಕಂಗ್ರಾಜುಲೇಶನ್ ಹೇಳ್ತಿದಾರೆ. ಎಂತಕ್ಕೆ ಅಂತ ಕೇಳೋಕೂ ಆಗೂದಿಲ್ಲ ನಂಗೆ."

"ಇದನ್ನು ಹೊರಗೆ ಹೇಳುತ್ತೀಯಾ?"

"ನೀವು ಹೇಳಿ. ನಾ ಹೇಳಿದ್ರೆ ಓದ್ಸಿದ್ದು ಹೆಚ್ಚಾತು ಅಂತಾರೆ."

ಜಗಲಿಗೆ ಮರಳಿದಾಗ ತಟ್ಟೆಯಲ್ಲಿ ಎಲೆ ಅಡಿಕೆ ಸಿದ್ಧವಾಗಿತ್ತು. ನಾನು ಕೂರಲಿಲ್ಲ. "ಇವತ್ತು ವೀಳ್ಯ ಬೇಡ," ಎಂದೆ. "ಹುಡುಗಿ ಪರೀಕ್ಷೆ ಮುಗಿಸಿ, ಮನೆ ನೋಡಿ, ಆಮೇಲೆ ಹೇಳುತ್ತೇನೆ ಎಂದಿದ್ದಾಳೆ. ಅವಳು ಹೇಳುವವರೆಗೆ ಈ ಕರೆ ಸುಳ್ಳು. ಮೆಸೇಜೂ ಸುಳ್ಳು, ಈ ತಟ್ಟೆಯೂ ಸುಳ್ಳು."

ಹುಡುಗಿಯ ತಂದೆಯ ಮುಖ ಕೆಂಪಾಯಿತು. "ನಿಮ್ಮ ಬೆರಳಿಂದ ಆದ ಕೆಲ್ಸ ಇದು. ಈಗ ನೀವೇ ಬುದ್ಧಿ ಹೇಳ್ತೀರಾ ನಂಗೆ? ಊರಲ್ಲಿ ತಲೆ ಎತ್ತಿ ತಿರುಗ್ಬೇಕಾದವ ನಾನು, ನೀವಲ್ಲ."

"ಅತ್ಗೆ, ಸುಮ್ನಿರಿ," ಎಂದಳು ತಮ್ಮನ ಹೆಂಡತಿ ಹಲ್ಲು ಕಚ್ಚಿ. "ಕೂಡಿಬಂದದ್ದನ್ನ ಒದೀಬೇಡಿ."

ನನ್ನ ಜೀವಮಾನದಲ್ಲಿ ಯಾರು ಯಾವಾಗ ಏನು ಅಂದರು ಎಂಬುದನ್ನು ನಾನು ಮರೆತವಳಲ್ಲ. ಆ ಜಗಲಿಯಲ್ಲಿ ಅಂದದ್ದನ್ನೂ ಮರೆತಿಲ್ಲ. ಆದರೆ ಅವರ ಮಾತಿನ ಒಂದು ಭಾಗ ಸರಿಯಾಗಿತ್ತು. ಊರಲ್ಲಿ ತಿರುಗಬೇಕಾದವರು ಅವರು. ಹಾಗಾದರೆ ನಾನೇ ತಿರುಗುತ್ತೇನೆ ಎಂದೆ. "ನಿಮ್ಮ ಫೋನಿನಿಂದ ಯಾವ ಯಾವ ಮನೆಗೆ ಹೋಗಿದೆಯೋ ಹೇಳಿ. ಪ್ರತಿ ಮನೆಗೂ ಹೋಗಿ ಕೂತು, ಆ ಕರೆ ಯಾರೂ ಮಾಡಿದ್ದಲ್ಲ, ಮೋಸದ್ದು ಎಂದು ಬಾಯಿಬಿಟ್ಟು ಹೇಳುತ್ತೇನೆ. ತಪ್ಪು ನಮ್ಮ ಕಡೆಯಿಂದ ಆದದ್ದು, ಹೆಣ್ಣಿನ ಮನೆಯಿಂದಲ್ಲ ಎಂದೂ ಹೇಳುತ್ತೇನೆ. ಆಮೇಲೆ ಯಾರು ಹುಡುಗಿಗೆ ಏನು ಅನ್ನುತ್ತಾರೆ ನೋಡೋಣ."

ಅವರು ಹೆಂಡತಿಯ ಕಡೆ ನೋಡಿ, "ದಾರಿ ತೋರ್ಸು" ಎಂದರು. ತಟ್ಟೆಯನ್ನು ಒಳಗೆ ಒಯ್ದರು.

ಹೀಗೆ ನಾನು ಬಿಳಗಿಯಲ್ಲಿ ಮನೆಮನೆಗೆ ಹೋದೆ. ಹುಡುಗಿಯ ತಾಯಿ ಮುಂದೆ, ನಾನು ಹಿಂದೆ. ತಮ್ಮನ ಹೆಂಡತಿ ಬರಲಿಲ್ಲ, ಜಗಲಿಯಲ್ಲೇ ಕೂತಳು. ಮದುವೆಗೆ ಕರೆಯಲು ಹೋಗುವಾಗ ಮಾಡುವುದೆಲ್ಲವನ್ನೂ ಮಾಡಿದೆ. ಚಪ್ಪಲಿ ಬಿಟ್ಟು ಒಳಗೆ ಹೋದೆ, ಕೂರಿ ಎಂದಲ್ಲಿ ಕೂತೆ, ಕೊಟ್ಟ ಬೆಲ್ಲ ನೀರು ಮುಟ್ಟಿದೆ, ಮನೆಯ ಹಿರಿಯರನ್ನು ಮಾತಾಡಿಸಿದೆ. ಆಮೇಲೆ ಬರಬೇಡಿರೆಂದು ಹೇಳಿದೆ.

ಒಂದು ಮನೆಯ ಯಜಮಾನರು ನಗು ತಡೆಯಲಾರದೆ, "ಅಲ್ಲ ಅಕ್ಕಾ, ಮದ್ವೆಗೆ ಬನ್ನಿ ಅಂತ ಮನೆಗೆ ಬಂದು ಕರೂದು ಬಿಟ್ಟು ಎಷ್ಟೋ ವರ್ಷ ಆತು. ಬರಬೇಡಿ ಅಂತ ಕರ್ಯೋಕೆ ಬಂದವ್ರು ನೀವೇ ಮೊದ್ಲು," ಎಂದರು. ಹುಡುಗಿಯ ತಾಯಿಗೂ ನಗು ಬಂತು. ನನಗೆ ಬರಲಿಲ್ಲ.

ಕೆಲವರು ಆ ಫೈಲನ್ನು ತೆರೆದಿದ್ದರು. ಮಗಳು ಯಲ್ಲಾಪುರಕ್ಕೆ ಹೇಳಿದ ಕ್ರಮವನ್ನೇ ಅವರಿಗೂ ಹೇಳಿದೆ, ಎಲ್ಲಕ್ಕಿಂತ ಮೊದಲು ಬ್ಯಾಂಕಿಗೆ ತಿಳಿಸಿ ಎಂದೆ. ತೆರೆಯದವರಿಗೆ ಬಾಲದ ಆ ಮೂರು ಅಕ್ಷರಗಳನ್ನು ತೋರಿಸಿ, ಅಳಿಸಿಹಾಕಿಸಿದೆ. ಗುರುತಿನವರ ನಂಬರಿನಿಂದಲೇ ಬಂದರೂ ಹೆಸರು, ತಾರೀಖು, ಊರು ಇಲ್ಲದ ಕರೆಯನ್ನು ಮುಟ್ಟಬೇಡಿ, ಅವರಿಗೇ ಫೋನು ಮಾಡಿ ಧ್ವನಿ ಕೇಳಿ, ಮುನಿಸಿದ್ದರೆ ಮೊದಲು ಅವರಿಗೇ ಮಾಡಿ ಎಂದೆ. ಕಡೆಯದನ್ನು ಹೇಳುವಾಗ ನನ್ನ ಧ್ವನಿ ಸ್ವಲ್ಪ ಒರಟಾಯಿತು. ಕೇಳಿದವರಿಗೆ ಕಾರಣ ಗೊತ್ತಾಗಲಿಲ್ಲ.

ಕೆರೆಯ ಕಡೆಗಿದ್ದ ಒಂದು ಮನೆಯಲ್ಲಿ ಒಬ್ಬ ಅಜ್ಜಿ, ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯಳು, ಎಲ್ಲವನ್ನೂ ಕೇಳಿ, "ಹಂಗಾರೆ ಮದ್ವೆ ಇಲ್ಲಾ ಅನ್ನು," ಎಂದಳು.

"ಇಲ್ಲ ಎಂದಲ್ಲ ಅಮ್ಮ. ಇನ್ನೂ ಗೊತ್ತಿಲ್ಲ. ಹುಡುಗಿ ಹೇಳಬೇಕು."

"ಗೊತ್ತಿಲ್ಲ ಅನ್ನೂದನ್ನ ಹೇಳೋಕೆ ಅಷ್ಟು ದೂರದಿಂದ ಬಂದ್ಯಾ?"

"ಹೌದು."

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮತ್ತೊಂದು ತುಂಡು ಬೆಲ್ಲವನ್ನು ನನ್ನ ಕೈಯಲ್ಲಿಟ್ಟಳು.

ಹಿಂದಿರುಗುವಾಗ ಬಸ್ಸಿನಲ್ಲಿ ತಮ್ಮನ ಹೆಂಡತಿ ಮುಂದಿನ ಸೀಟಿನಲ್ಲಿ ಕೂತಳು. ನನ್ನ ಪಕ್ಕದ ಸೀಟು ಶಿರಸಿಯವರೆಗೂ ಖಾಲಿ ಇತ್ತು.

ಪರೀಕ್ಷೆ ಮುಗಿದ ಮೇಲೆ ಬಿಳಗಿಯವರು ಯಲ್ಲಾಪುರಕ್ಕೆ ಮನೆ ನೋಡಲು ಹೋದರೆಂದು ತಂಗಿಯಿಂದ ತಿಳಿಯಿತು. ಹುಡುಗಿ ಅಂಗಡಿಯನ್ನೂ ನೋಡಿದಳಂತೆ, ಹುಡುಗನ ಜೊತೆ ಕೂತು ಮಾತಾಡಿದಳಂತೆ. ನನ್ನನ್ನು ಅಂದು ಯಾರೂ ಕರೆಯಲಿಲ್ಲ. ಕರೆಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಕೆಲವು ದಿನಗಳ ನಂತರ ತಮ್ಮನ ಹೆಂಡತಿಯ ಫೋನು ಬಂತು.

"ಹುಡುಗಿ ಬೇಡ ಅಂದ್ಲು. ಈಗ ಸಮಾಧಾನ ಆಯ್ತಾ ಅತ್ಗೆ? ಅವತ್ತೇ ವೀಳ್ಯ ಬದಲ್ಸಿದ್ರೆ ಇಷ್ಟು ಹೊತ್ತಿಗೆ ಛತ್ರ ಹಿಡೀಬಹುದಿತ್ತು."

ಸಮಾಧಾನವಾಗಿರಲಿಲ್ಲ. ತಂದೆಯಿಲ್ಲದ ಆ ಹುಡುಗನಿಗೆ ಈ ಸಂಬಂಧ ಕೂಡಿಬರಲಿ ಎಂದು ನಾನೂ ಬಯಸಿದವಳೇ. ಆದರೂ ಒಂದು ಮಾತನ್ನು ಕೇಳದೆ ಇರಲಾಗಲಿಲ್ಲ.

"ಯಾರ ಕೈಯಲ್ಲಾದರೂ ಹೇಳಿಕಳಿಸಿದಳಾ, ಅವಳೇ ಹೇಳಿದಳಾ?"

"ಅವಳೇ ಫೋನ್ ಮಾಡಿದ್ಲು ನನ್ನ ಮಗಂಗೆ. ಕಾರಣನೂ ಅವನಿಗೇ ಹೇಳಿದಾಳೆ. ನಂಗೆ ಹೇಳೂದಿಲ್ಲ ಅಂತಿದಾನೆ."

ಅವಳು ಫೋನನ್ನು ಇಡಲಿಲ್ಲ. ಆ ಕಡೆ ಮಿಕ್ಸರ್ ತಿರುಗುವ ಸದ್ದು ಕೇಳುತ್ತಿತ್ತು. ಹುಡುಗಿ ಹೇಳಿದ ಕಾರಣವೇನೆಂದು ನನಗೂ ಇಂದಿನವರೆಗೆ ಗೊತ್ತಿಲ್ಲ. ಅದನ್ನು ವಿಚಾರಿಸಲು ನಾನು ಯಾರಿಗೂ ಫೋನು ಮಾಡಿಲ್ಲ.